‘ಐಸಾ’ ಎಂದರೆ ಎಳೆಯಬೇಕೋ, ನಿಲ್ಲಬೇಕೋ?

ಮೇಸ್ತ್ರಿ ‘ಐಸಾ... ಹೋ!’ ಎಂದು ಕೂಗಿದರು. ಹಗ್ಗ ಎಳೆದು ಎಲ್ಲರ ಮುಖ ಕೆಂಪಾಯಿತು, ಹಗ್ಗ ಕಟ್ಟಿದ್ದ ದೊಡ್ಡ ಕಲ್ಲು ಮಾತ್ರ ಅಲುಗಲಿಲ್ಲ. ಹುಲಿಗಿ ಹತ್ತಿರದ ಕಾಲುವೆ ಕೆಲಸಕ್ಕೆ ಮೇಸ್ತ್ರಿ ಯಲಬುರ್ಗಿಯ ನಮ್ಮ ಗುಂಪಿನಿಂದಲೂ ಗಂಗಾವತಿ ಗುಂಪಿನಿಂದಲೂ ಗಟ್ಟಿಗರನ್ನೇ ಆರಿಸಿದ್ದರು. ಒಬ್ಬ ಕಡಿಮೆ ಬಿದ್ದದ್ದಕ್ಕೆ ಕಡ್ಡಿಯಂಥ ನನ್ನನ್ನು ಹಗ್ಗದ ಬಾಲಕ್ಕೆ ಸೇರಿಸಿದ್ದರು.

“ಹೊತ್ತು ಮುಳುಗೂದ್ರಾಗ ಇದು ಸರೀಲಿಲ್ಲಂದ್ರ ನಾಳೆ ಒಬ್ರೂ ಕೆಲಸಕ್ಕ ಬರಬ್ಯಾಡ್ರಿ!” ಎಂದು ಮೇಸ್ತ್ರಿ ಗದರಿದರು.

ಎರಡೂ ಗುಂಪಿನವರ ದನಿ ಅಣಕಿಸುವುದೇ ನನ್ನ ಚಟ. ಹಾಗಾಗಿ ತಪ್ಪು ನನ್ನ ಕಿವಿಗೇ ಮೊದಲು ಬಿತ್ತು. ನಮ್ಮವರು ‘ಐಸಾ’ ಅನ್ನುತ್ತಲೇ ಎಳೆಯುತ್ತಾರೆ. ಗಂಗಾವತಿಯವರು ‘ಐಸಾ’ಕ್ಕೆ ಉಸಿರು ತುಂಬಿಕೊಂಡು ‘ಹೋ’ಗೆ ಎಳೆಯುತ್ತಾರೆ. ನಮ್ಮವರು ಎಳೆದಾಗ ಅವರು ಸುಮ್ಮನೆ, ಅವರು ಎಳೆದಾಗ ನಮ್ಮವರಿಗೆ ಏದುಸಿರು!

ಹಗ್ಗ ಬಿಟ್ಟೆ. ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ದಿಬ್ಬ ಹತ್ತಿ, ಮೇಸ್ತ್ರಿಯದೇ ದನಿ ತೆಗೆದು ಕೂಗಿದೆ: “ಐಸಾ ಅಂದಾಗ ಸುಮ್ಮನಿರ್ರಿ, ಎಲ್ಲಾರೂ ‘ಹೋ’ಕ್ಕ ಎಳೀರಿ!”

ನಾಲ್ಕೈದು ಕೂಗಿಗೆ ಕಲ್ಲು ಸರಿಯಿತು.

“ಲೇ ಕಡ್ಡಿ, ನನ್ನ ದನಿ ನನಗಿಂತ ನೀನ ಛಲೋ ತೆಗೀತಿ. ನಾಳಿಂದ ನೀನ ಕೂಗು,” ಎಂದರು ಮೇಸ್ತ್ರಿ.

ಅಂದಿನಿಂದ ಹಟ ಹಿಡಿದಿದ್ದೇನೆ. ಹೊಸಬರು ಬಂದರೆ, “ನಿಮ್ಮೂರಾಗ ಯಾವಾಗ ಎಳೀತೀರಿ?” ಎಂದು ಕೇಳದೆ ಹಗ್ಗ ಕೊಡುವುದಿಲ್ಲ. ಅವರ ತೋಳು ನೋಡುವುದೂ ಇಲ್ಲ; ನೋಡಿದರೆ ಅವರು ನನ್ನ ತೋಳು ನೋಡುತ್ತಾರೆ.