ಮಲ್ಲವ್ವನ ಖಾಲಿ ಡಬ್ಬಿ

ಧಾರವಾಡದ ಹಳ್ಳಿ ಬಿಟ್ಟು ಏಳು ಸಮುದ್ರ ದಾಟಿ ಬಂದವಳನ್ನು ಮತ್ತೆ ಇನ್ನೊಂದು ಹಳ್ಳಿಗೇ ತಂದು ಕೂಡಿಸಿದ್ದಕ್ಕೆ ಮಲ್ಲವ್ವ ಗಂಡನನ್ನು ಬೈಯದ ದಿನವಿರಲಿಲ್ಲ. ಮೊದಲಿದ್ದ ಬ್ರ್ಯಾಂಪ್ಟನ್ ನಗರದ ಬೇಸ್‌ಮೆಂಟ್ ಮನೆಯಲ್ಲಿ ಬೆಳಕಿಲ್ಲದಿದ್ದರೂ ಬಾಗಿಲ ಮುಂದೆಯೇ ಬಸ್ಸಿತ್ತು. ಅರೋರಾ ಪಟ್ಟಣ ದಾಟಿ ಸಿಗುವ ಈ ಊರಲ್ಲಿ ಒಂದು ಚರ್ಚು, ಒಂದು ಅಂಚೆ ಕಚೇರಿ, ಆರಕ್ಕೇ ಬಾಗಿಲು ಹಾಕುವ ಒಂದು ಅಂಗಡಿ. ಗಂಡ ಭೀಮಣ್ಣನಿಗೆ ಪಕ್ಕದ ಕುದುರೆ ಫಾರ್ಮಿನಲ್ಲಿ ಕೆಲಸ. ಕುದುರೆಯಿದ್ದರೆ ಅವನಿಗೆ ಹೆಂಡತಿಯೂ ಬೇಡ.

"ಒಂದು ವರ್ಷ ನೋಡೂಣು. ಸೇರಲಿಲ್ಲಂದ್ರ ಹೊಳ್ಳಿ ಹೋಗೂಣು," ಎಂದಿದ್ದ. ಮಲ್ಲವ್ವ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಬಂದ ವಾರವೇ ಪಕ್ಕದ ಮನೆಯ ಡೋರಿಸ್‌ಗೆ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕೊಟ್ಟಳು. ಎಂಬತ್ತು ದಾಟಿದ ಡೋರಿಸ್ ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಅವಳ ತಾಯಿಯೂ ನೆರೆಯವರ ಪಾತ್ರೆಯನ್ನು ಬರಿದೆ ಮರಳಿಸುತ್ತಿರಲಿಲ್ಲವಂತೆ. ಡಬ್ಬಿ ಆಪಲ್ ಪೈ ತುಂಬಿಕೊಂಡು ಬಂತು. ಮಲ್ಲವ್ವ ಬಿಡುತ್ತಾಳೆಯೇ? ಚಕ್ಕುಲಿ ತುಂಬಿ ಕೊಟ್ಟಳು. ಹತ್ತು ತಿಂಗಳು ಆ ಡಬ್ಬಿ ಬೇಲಿಯ ಆಚೆಗೂ ಈಚೆಗೂ ಓಡಾಡಿತು. ಡೋರಿಸಳ ಸ್ಕೋನ್ ಬನ್ನು ಕಚ್ಚಿದರೆ ಹಲ್ಲು ಅಲುಗಾಡುತ್ತಿತ್ತು. ಮಲ್ಲವ್ವನ ಖಾರಕ್ಕೆ ಡೋರಿಸ್ ಮೂಗೊರೆಸಿಕೊಳ್ಳುತ್ತಲೇ "ಲವ್ಲಿ" ಎನ್ನುತ್ತಿದ್ದಳು. ಇಬ್ಬರೂ ಸುಳ್ಳು ಹೇಳುತ್ತಿದ್ದರು, ಅದು ಇಬ್ಬರಿಗೂ ಗೊತ್ತಿತ್ತು.

ಊರಲ್ಲಿ ಒಳ್ಳೆಯದೇನೂ ಇರಲಿಲ್ಲವೆಂದಲ್ಲ. ಜನವರಿಯ ಹಿಮದಲ್ಲಿ ಮಲ್ಲವ್ವ ಜ್ವರ ಬಂದು ಮಲಗಿದಾಗ ಮಧ್ಯಾಹ್ನದೊಳಗೆ ನಾಲ್ಕು ಮನೆಯ ಸೂಪು ಬಂದಿತ್ತು. ಬ್ರ್ಯಾಂಪ್ಟನ್ನಿನಲ್ಲಿ ಮಹಡಿಯ ಮೇಲಿನವರಿಗೆ ಅವಳ ಹೆಸರೂ ಗೊತ್ತಿರಲಿಲ್ಲ. ಆದರೆ ಇಲ್ಲಿಯವರಿಗೆ ಅವಳು ಯಾವ ದಿನ ಯಾವ ಸೀರೆ ಒಗೆದಳೆಂಬುದೂ ಗೊತ್ತಿತ್ತು.

ಹೇಳಿದ ಒಂದು ವರ್ಷ ಮುಗಿಯುತ್ತ ಬಂತು. ಬಾಡಿಗೆ ಮನೆ ಬಿಡುವುದಿದ್ದರೆ ಬರುವ ಶನಿವಾರದೊಳಗೆ ಮಾಲೀಕನಿಗೆ ತಿಳಿಸಬೇಕಿತ್ತು.

"ಇಲ್ಲೇನೈತ್ರಿ? ಬಸ್ಸಿಲ್ಲ, ಕರಿಬೇವಿಲ್ಲ. ಕನ್ನಡ ಕೇಳಬೇಕಂದ್ರ ನಿಮ್ಮ ಬಾಯಾಗಿಂದನ ಕೇಳಬೇಕು. ಹೋಗೂಣು ಅಂದ್ರ ಹೋಗೂಣು!"

ಭೀಮಣ್ಣ ಮುಖ ಸಪ್ಪಗೆ ಮಾಡಿಕೊಂಡು ಒಪ್ಪಿದ.

ಮಾರನೆಯ ದಿನ ಮಲ್ಲವ್ವ ಅಂಚೆ ಕಚೇರಿಯಲ್ಲಿ ವಿಳಾಸ ಬದಲಿಸುವ ಫಾರ್ಮು ಕೇಳಿದಳು. ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬೇಲಿಯ ಬಳಿ ಡೋರಿಸ್ ಡಬ್ಬಿ ಹಿಡಿದು ನಿಂತಿದ್ದಳು. ಸಾಮಾನು ಕಟ್ಟುವಾಗ ಬೇಕಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಡಬ್ಬಿ ಕೈಗಿಟ್ಟು, ಮುಖ ತಿರುಗಿಸಿ ಒಳಗೆ ಹೋದಳು.

ಮಲ್ಲವ್ವ ಮುಚ್ಚಳ ತೆಗೆದಳು. ಏನೂ ಇರಲಿಲ್ಲ. ಥಳಥಳ ತೊಳೆದು ಒರೆಸಿಟ್ಟಿತ್ತು. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ಸಂಜೆ ಭೀಮಣ್ಣ ಬಂದಾಗ ಅವಳು ಮಿರ್ಚಿ ಭಜಿ ಕರಿಯುತ್ತಿದ್ದಳು.

"ಮಾಲೀಕ್‌ಗ ಫೋನ್ ಹಚ್ಚಲೇನ?"

"ಹಚ್ಚಬ್ಯಾಡ್ರಿ. ಖಾಲಿ ಡಬ್ಬಿ ಕೊಟ್ಟಾಳ ಮುದುಕಿ! ಆಕಿ ಇದನ್ನ ತುಂಬಿ ಕೊಡೂತನಾ ನಾ ಈ ಊರು ಬಿಡಂಗಿಲ್ಲ."

"ತುಂಬಿ ಕೊಟ್ಟ ಮ್ಯಾಲೆ ಹೋಗೂಣೇನ?"

ಮಲ್ಲವ್ವ ಬಿಸಿ ಭಜಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು.

"ನಿಮಗ ಬುದ್ಧಿ ಐತೇನ್ರಿ? ಆವಾಗ ನನ್ನ ಪಾಳಿ ಬರ್ತೈತಲ್ಲ!"