ಕತ್ತರಿ ಅಕ್ಕನ ಆರು ಸಾಲು

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಾರೆ. ಅಲ್ಲಿ ಅವಳ ಮಾತೇ ಮಾತು. ಗಂಡನ ಮನೆಯವರಿಗೆ ಮಾತ್ರ ಅವಳು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅಷ್ಟೇ.

ಆ ಮನೆಯವರಿಗೆ ಫೋನಿನಲ್ಲಿ ದಿನಕ್ಕೊಂದು ಪದ ಹುಡುಕುವ ಆಟದ ಹುಚ್ಚು. ಮೂರಕ್ಷರದ ಪದ, ಆರು ಅವಕಾಶ. ಅಕ್ಷರ ತನ್ನ ಜಾಗದಲ್ಲೇ ಇದ್ದರೆ ಹಸಿರು, ಬೇರೆ ಜಾಗದಲ್ಲಿರಬೇಕಾದ್ದಾದರೆ ಹಳದಿ. ಗೆದ್ದರೂ ಸೋತರೂ ಫಲಿತಾಂಶವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಕು. ಕತ್ತರಿ ಅಕ್ಕ ನೂರು ಚಿಲ್ಲರೆ ದಿನಗಳಿಂದ ಸೋತಿಲ್ಲ. ಏನು ಬಂತು? ಟೀಚರ್ ನಾದಿನಿಯದು ದಿನಾ ಒಂದೇ ರಾಗ: "ಯಾರು ಹೇಳ್ಕೊಟ್ರು ಅತ್ತಿಗೆ?" ಕತ್ತರಿ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳೇ ಬಿಡಿಸಿದ್ದೆಂದು ಅವರು ಒಂದೇ ಒಂದು ಸಲ ಒಪ್ಪಿಕೊಂಡಿದ್ದರೆ ಸಾಕಿತ್ತು.

ಭಾನುವಾರ ಎಲ್ಲರೂ ಊಟಕ್ಕೆ ಸೇರಿದ್ದರು. ಅಂದು ಸೋತಿದ್ದ ನಾದಿನಿಯ ಮುಖ ಊದಿಕೊಂಡಿತ್ತು. "ಅತ್ತಿಗೆ, ಇವತ್ತಿಂದು ನಮ್ಮೆದುರಿಗೇ ಬಿಡಿಸಿ ನೋಡೋಣ," ಎಂದಳು.

ಕತ್ತರಿ ಅಕ್ಕ ಕೈ ಒರೆಸಿಕೊಂಡು ಕೂತಳು. ಒಂದೇ ಅಕ್ಷರ ಎರಡು ಸಲ ಬಾರದ ಪದಗಳಿಂದ ಶುರುಮಾಡುವುದು ಅವಳ ಪದ್ಧತಿ. ಮೂರನೇ ಸಾಲಿಗೆ ಕೊನೆಯ 'ರಳು' ಹಸಿರಾಯಿತು. ಮೊದಲ ಅಕ್ಷರವೇ ಸಿಕ್ಕಿಲ್ಲ. ಬೆರಳು, ಕೊರಳು, ನೆರಳು, ಅರಳು, ಸರಳು, ಮರಳು, ಯಾವುದೂ ಆಗಬಹುದು. ಉಳಿದ ಅವಕಾಶ ಮೂರೇ. ಅನುಮಾನವಿದ್ದಾಗ ಒಳ್ಳೆಯ ಬಟ್ಟೆಗೆ ಕೈ ಹಾಕಬಾರದು, ಮೊದಲು ಚಿಂದಿಯ ಮೇಲೆ ಕತ್ತರಿ ಆಡಿಸಿ ನೋಡಬೇಕು. ಅದು ಅವಳ ಕಸುಬು ಕಲಿಸಿದ ಪಾಠ. ಅವಳು 'ಅಸಮ' ಎಂದು ಒತ್ತಿದಳು.

"ಅಯ್ಯೋ, ಸಿಕ್ಕಿರೋ ಅಕ್ಷರಾನೇ ಬಿಟ್ರಲ್ಲ! ಮರ್ತೇಹೋಯ್ತಾ?" ನಾದಿನಿ ಕಿಸಕ್ಕನೆ ನಕ್ಕಳು.

ಅದು ಉತ್ತರವಲ್ಲವೆಂದು ಕತ್ತರಿ ಅಕ್ಕನಿಗೂ ಗೊತ್ತು. ಅರಳೋ, ಸರಳೋ, ಮರಳೋ, ಒಂದೇ ಏಟಿಗೆ ಮೂರು ಅನುಮಾನ ತೀರಬೇಕಿತ್ತು. 'ಮ' ಹಳದಿಯಾಯಿತು. 'ಮರಳು' ಎಂದು ಒತ್ತಿದಳು. ಮೂರೂ ಹಸಿರು.

ಇನ್ನೇನು ಯಾರಾದರೂ ಭೇಷ್ ಎನ್ನಬೇಕು, ಅಷ್ಟರಲ್ಲಿ ಗಂಡ ಗಂಟಲು ಸರಿಮಾಡಿಕೊಂಡ. "ಆ ಉಪಾಯ ನಾನೇ ಹೇಳ್ಕೊಟ್ಟಿದ್ದು."

"ಅದಕ್ಕೇ ಮತ್ತೆ!" ಎಂದಳು ನಾದಿನಿ. ಎಲ್ಲರೂ ನೆಮ್ಮದಿಯಿಂದ ಊಟ ಮುಂದುವರಿಸಿದರು.

ಈ ಮಹಾರಾಯ ಒಂದು ದಿನವೂ ಆ ಆಟ ಮುಟ್ಟಿದವನಲ್ಲ! ಮರುದಿನ ಬೆಳಿಗ್ಗೆ ಅವಳು ತನ್ನ ಫೋನನ್ನು ಅವನ ಕೈಗಿಟ್ಟಳು. "ಹೇಳ್ಕೊಟ್ಟೋರು ನೀವಲ್ವಾ? ಇವತ್ತಿಂದು ನೀವೇ ಬಿಡಿಸಿ. ಗುಂಪಿಗೂ ನೀವೇ ಕಳಿಸಿ."

"ಏನೋ ಮಾತಿಗೆ ಹೇಳ್ದೆ ಕಣೇ. ಹೋಗ್ಲಿ, ಒಂದು ಸುಳಿವಾದ್ರೂ ಕೊಡು."

ಅವಳು ಬೆನ್ನು ತಿರುಗಿಸಿ ಬುತ್ತಿ ಕಟ್ಟತೊಡಗಿದಳು. ಕಾಫಿ ಆರುವಷ್ಟರಲ್ಲಿ ಅವನು ಆರೂ ಸಾಲು ಹಾಳುಮಾಡಿ ಗುಂಪಿಗೂ ಹಾಕಿದ. ನೂರು ಚಿಲ್ಲರೆ ದಿನಗಳ ಗೆಲುವು ನೀರಿಗೆ ಬಿತ್ತು. ಅವಳು ಹಲ್ಲು ಕಚ್ಚಿಕೊಂಡಳು. ಹೋದರೆ ಹೋಗಲಿ, ಇವರ ಬಂಡವಾಳವಾದರೂ ಬಯಲಾಗಲಿ ಎಂದುಕೊಂಡು ಫೋನು ತೆಗೆದುಕೊಂಡು ಕೆಲಸಕ್ಕೆ ನಡೆದಳು.

ಹತ್ತೂವರೆಗೆ ಕತ್ತರಿ ಕೆಳಗಿಟ್ಟು ಗುಂಪು ತೆರೆದಳು. ಅವಳ ಹೆಸರಿನಲ್ಲಿ ಬಿದ್ದಿದ್ದ ಸೋಲಿನ ಕೆಳಗೆ ನಾದಿನಿ ಬರೆದಿದ್ದಳು: "ಛೇ, ಇವತ್ತು ಅಣ್ಣ ಮನೇಲಿರ್ಲಿಲ್ವಾ ಅತ್ತಿಗೆ?"

ಅದಕ್ಕೆ ಗಂಡ ತನ್ನ ಫೋನಿನಿಂದ ಒಂದು ನಗುಮುಖ ಹಾಕಿದ್ದ.