೪೮೬ ಪ್ರೊಸೆಸರ್ ಮತ್ತು ಹತ್ತೊಂಬತ್ತನೇ ಖೋಲಿ

೧೯೯೨ರ ಏಪ್ರಿಲ್ ತಿಂಗಳು. ಅಂಧೇರಿಯ ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ನಾನು ಸರ್ವಿಸ್ ಎಂಜಿನಿಯರ್ ಆಗಿದ್ದೆ. ಮೈಸೂರಿನಿಂದ ಬಂದು ಏಳು ವರ್ಷವಾಗಿತ್ತು, ಮಾಟುಂಗದಲ್ಲಿ ಬಾಡಿಗೆ ಮನೆ. ಆ ವರ್ಷ ನನ್ನನ್ನು ಕಂಡವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈಗಲೇ ೪೮೬ ಹಾಕಿಸುವುದೋ, ಇನ್ನೂ ಸ್ವಲ್ಪ ದಿನ ಕಾಯುವುದೋ? ೩೮೬, ೪೮೬ ಎಂದರೆ ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಚಿಪ್‌ನ ತಲೆಮಾರುಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಚಿಪ್ ಕೂತಿರುವ ಮದರ್‌ಬೋರ್ಡನ್ನೇ ಬದಲಿಸಬೇಕಿತ್ತು. ನನ್ನ ಉತ್ತರ ಸದಾ ಸಿದ್ಧವಿರುತ್ತಿತ್ತು: ಕಾಯಿರಿ, ಬೆಲೆ ಇಳಿಯುತ್ತದೆ, ಇನ್ನೂ ಜೋರಾದದ್ದು ಬರುತ್ತದೆ. ಈ ಮಾತು ಎಂದೂ ಸುಳ್ಳಾಗುವಂಥದಲ್ಲ. ಹಾಗಾಗಿ ಜನ ನನ್ನನ್ನು ಭಾರೀ ತಿಳಿದವನೆಂದುಕೊಂಡಿದ್ದರು, ನಾನೂ ಹಾಗೆಯೇ ಅಂದುಕೊಂಡಿದ್ದೆ.

ದಾದರಿನಲ್ಲಿ ಹಿರೇಮಠರ ಆಫೀಸಿತ್ತು. ಧಾರವಾಡದ ಕಡೆಯವರು, ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಸ್ಟ್ರಕ್ಚರಲ್ ಎಂಜಿನಿಯರ್. ವಯಸ್ಸು ಅರವತ್ತರ ಹತ್ತಿರ, ಕುತೂಹಲ ಮಾತ್ರ ಹೈಸ್ಕೂಲ್ ಹುಡುಗನದು. ಅವರ ಫೋನ್ ಬಂದಾಗ ನಾನು ಎಂದಿನ ಉತ್ತರವನ್ನೇ ಜೇಬಿನಲ್ಲಿಟ್ಟುಕೊಂಡು ಲೋಕಲ್ ರೈಲು ಹತ್ತಿದೆ.

ಅವರ ಕೈಯಲ್ಲಿದ್ದದ್ದು ಒಂದು ಹಳೆಯ ಚಾಳಿನ, ಅಂದರೆ ಮುಂಬಯಿಯ ಒಂಟಿಕೋಣೆ ಮನೆಗಳ ವಠಾರದ, ಕೆಲಸ. ತೇಗದ ಕಂಬ, ಕಬ್ಬಿಣದ ತೊಲೆಗಳ ಮೂರು ಅಂತಸ್ತಿನ ಕಟ್ಟಡ, ಅಂತಸ್ತಿಗೆ ಇಪ್ಪತ್ತರಂತೆ ಅರವತ್ತು ಖೋಲಿ, ಅರವತ್ತು ಸಂಸಾರ. ಕಂಬಗಳ ಬುಡ ಕೊಳೆತಿತ್ತು. ಆಸರೆ ಕೊಟ್ಟರೆ ಈ ಮಳೆಗಾಲ ದಾಟೀತೇ ಅಥವಾ ಎಲ್ಲರೂ ಖಾಲಿ ಮಾಡಬೇಕೇ ಎಂಬುದನ್ನು ಮೇ ಮಧ್ಯದೊಳಗೆ ಅವರು ಬರೆದುಕೊಡಬೇಕಿತ್ತು. ಆಸರೆಯ ಒಂದೊಂದು ಯೋಜನೆಯನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ ನೋಡಬೇಕು. ಅವರ ೩೮೬ ಯಂತ್ರ ಒಂದು ಲೆಕ್ಕಕ್ಕೆ ಎರಡು ಗಂಟೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಮೂರು ಯೋಜನೆ ನೋಡಿಯಾಗಿತ್ತು, ಮೂರೂ ಫೇಲಾಗಿದ್ದವು.

ನಾನು ಹೋದಾಗ ಬಾಗಿಲ ಬಳಿಯ ಬೆಂಚಿನ ಮೇಲೆ ಇಳಕಲ್ ಸೀರೆಯ ಹೆಂಗಸೊಬ್ಬರು ಕೂತಿದ್ದರು. ಹೆಸರು ಗಂಗವ್ವ. ಚಾಳಿನ ಹತ್ತೊಂಬತ್ತನೇ ಖೋಲಿಯಲ್ಲಿ ಖಾನಾವಳಿ ನಡೆಸುತ್ತಿದ್ದರು. ನಮ್ಮ ಕಡೆಯ ಕಟ್ಟಡ ಕೆಲಸಗಾರರಲ್ಲಿ ಹಲವರಿಗೆ ಎರಡು ಹೊತ್ತಿನ ರೊಟ್ಟಿ ಅಲ್ಲಿಯೇ.

“ಬಿಡಬೇಕೇನ್ರಿ, ಇರಬೇಕೇನ್ರಿ? ಯಾವುದರ ಒಂದು ಹೇಳಿಬಿಡ್ರಿ ಸಾಹೇಬ್ರ,” ಎಂದು ಅವರು ಹಿರೇಮಠರನ್ನು ಕೇಳುತ್ತಿದ್ದರು. “ಇನ್ನೊಂದು ವಾರ ತಡೀವಾ” ಎಂದು ಅವರನ್ನು ಕಳಿಸಿ ಹಿರೇಮಠರು ನನ್ನ ಕಡೆ ತಿರುಗಿ, ಚಾಳಿನ ಲೆಕ್ಕ ಬೇಗ ಮುಗಿಯಲು ೪೮೬ ಹಾಕಿಸಬೇಕೇ ಎಂದು ಕೇಳಿದರು.

ನಾನು ಜೇಬಿನಲ್ಲಿದ್ದ ಉತ್ತರ ತೆಗೆದೆ. “ತಡೀರಿ ಸಾರ್, ದೀಪಾವಳಿ ಹೊತ್ತಿಗೆ ಬೆಲೆ ಇಳಿಯುತ್ತೆ.”

“ದೀಪಾವಳಿಗಿಂತ ಮೊದಲ ಮಳಿಗಾಲ ಬರ್ತದಲ್ರಿ,” ಎಂದರು ಹಿರೇಮಠರು, ನಗದೆ.

ನನ್ನ ಮುಖ ಸಪ್ಪಗಾಯಿತು. ಸರಿ, ಈಗಲೇ ಹಾಕಿಸೋಣ, ಎಷ್ಟು ವೇಗ ಸಿಗುತ್ತದೆಂದು ಮೊದಲು ನೋಡಿಬಿಡೋಣ ಎಂದೆ. ವೇಗ ಅಳೆಯುವ ಒಂದು ಪುಟ್ಟ ಪ್ರೋಗ್ರಾಂ ನನ್ನ ಬಳಿ ಯಾವಾಗಲೂ ಇರುತ್ತಿತ್ತು. ಅದರ ಪ್ರಕಾರ ೪೮೬ ಅವರ ಯಂತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಚುರುಕು. ಚಾಳಿನ ಫೈಲನ್ನು ಫ್ಲಾಪಿಗೆ ಹಾಕಿಕೊಂಡು ಮರುದಿನ ಇಬ್ಬರೂ ಅಂಧೇರಿಯ ನಮ್ಮ ಆಫೀಸಿಗೆ ಹೋದೆವು. ಒಂದು ಗಂಟೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆಂದು ಜಂಬದಿಂದ ಹೇಳಿ ನಾನು ಚಹಾ ತರಿಸಿದೆ. ಎರಡನೇ ಚಹಾವೂ ಮುಗಿಯಿತು, ಲೆಕ್ಕ ಮುಗಿಯಲಿಲ್ಲ. ಕೊನೆಗೆ ಹಿಡಿದದ್ದು ಎರಡು ಗಂಟೆ ಐದು ನಿಮಿಷ.

ನನಗೆ ಅವಮಾನವಾಯಿತು. ಹಿರೇಮಠರಿಗಾದದ್ದು ಸಂತೋಷವೇನೋ ಎನ್ನಿಸುವಂತೆ ಅವರು ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆಳೆದು ಕೂತಿದ್ದರು.

“ಈ ಕೆಂಪು ದೀಪಾ ಏನ್ರಿ? ಆಗಿಂದ ಆರವಲ್ದು.”

ಅದು ಹಾರ್ಡ್ ಡಿಸ್ಕಿನ ದೀಪ. ಯಂತ್ರ ಡಿಸ್ಕಿಗೆ ಬರೆಯುವಾಗ, ಡಿಸ್ಕಿನಿಂದ ಓದುವಾಗ ಉರಿಯುತ್ತದೆ. ಏಳು ವರ್ಷದಿಂದ ಆ ದೀಪ ನೋಡುತ್ತಿದ್ದೇನೆ, ಅದು ಯಾಕೆ ಆರುತ್ತಿಲ್ಲ ಎಂದು ನಾನು ಕೇಳಿಕೊಂಡಿರಲಿಲ್ಲ. ಎರಡು ಗಂಟೆಯ ಬಹುಪಾಲು ಪ್ರೊಸೆಸರ್ ಲೆಕ್ಕ ಮಾಡುತ್ತಲೇ ಇರಲಿಲ್ಲ, ಡಿಸ್ಕಿನಿಂದ ಅಂಕಿ ಬರಲೆಂದು ಸುಮ್ಮನೆ ಕಾಯುತ್ತಿತ್ತು. ಕಾಯುವವನ ಬುದ್ಧಿ ಎಷ್ಟು ಚುರುಕಾದರೇನು!

ಹಾಗಾದರೆ ಲೆಕ್ಕವು ಮೆಮೊರಿಯಲ್ಲಿ ಹಿಡಿಸದೆ ಡಿಸ್ಕಿಗೆ ಚೆಲ್ಲುತ್ತಿರುವುದೇಕೆ? ಮರುದಿನ ದಾದರಿನಲ್ಲಿ ಪ್ರೋಗ್ರಾಮಿನ ದಪ್ಪ ಕೈಪಿಡಿಯನ್ನು ಇಬ್ಬರೂ ಹಂಚಿಕೊಂಡು ಓದಿದೆವು. ಉತ್ತರ ನಡುವಿನಲ್ಲೆಲ್ಲೋ ಸಣ್ಣ ಅಕ್ಷರದಲ್ಲಿತ್ತು. ಕಂಬ, ತೊಲೆಗಳು ಸೇರುವ ಒಂದೊಂದು ಜಾಗಕ್ಕೂ ಒಂದು ನಂಬರ್ ಕೊಡಬೇಕು, ಅದನ್ನು ಜಾಯಿಂಟ್ ಎನ್ನುತ್ತಾರೆ. ಒಂದೇ ತೊಲೆಯ ಎರಡು ತುದಿಗಳ ನಂಬರುಗಳು ಹತ್ತಿರ ಹತ್ತಿರ ಇದ್ದರೆ ಲೆಕ್ಕ ಚಿಕ್ಕ ಪಟ್ಟಿಯಲ್ಲಿ ಮುಗಿಯುತ್ತದೆ. ದೂರವಿದ್ದರೆ ಪಟ್ಟಿ ಅಗಲವಾಗುತ್ತಾ ಹೋಗಿ ಡಿಸ್ಕನ್ನು ತುಂಬುತ್ತದೆ. ಅಕ್ಕಪಕ್ಕದ ಮನೆಗಳಿಗೆ ಮೂರು, ತೊಂಬತ್ತೇಳು ಎಂದು ನಂಬರ್ ಹಾಕಿದ ಬೀದಿಯಲ್ಲಿ ಅಂಚೆಯವನು ಅಲೆದಾಡುವ ಹಾಗೆ.

ಜಾಯಿಂಟುಗಳಿಗೆ ನಂಬರ್ ಕೊಟ್ಟವಳು ಶೋಭಾ, ಹಿರೇಮಠರ ಆಫೀಸಿನಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಮನೆಯವರು ಕುಂದಾಪುರದವರು, ಅವಳು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಅವಳ ನಂಬರುಗಳನ್ನು ನೋಡಿದ ಹಿರೇಮಠರು ಹಣೆ ಚಚ್ಚಿಕೊಂಡರು. ಅವಳು ಖೋಲಿ ನಂಬರನ್ನೇ ಹಿಡಿದು ಹೋಗಿದ್ದಳು. ಒಂದನೇ ಖೋಲಿಯ ಜಾಯಿಂಟುಗಳು ಮೊದಲು, ಆಮೇಲೆ ಎರಡನೆಯದು, ಮೂರನೆಯದು. ಆ ಚಾಳಿನ ಕೆಳ ಅಂತಸ್ತಿನಲ್ಲೋ ಒಂದರಿಂದ ಹತ್ತು ಎದುರು ಸಾಲು. ಹನ್ನೊಂದರಿಂದ ಇಪ್ಪತ್ತು ಹಿಂದಿನ ಸಾಲಿನಲ್ಲಿ ತಿರುಗಿ ಬರುತ್ತದೆ. ಅಂದರೆ ಒಂದನೇ ಖೋಲಿಯ ಬೆನ್ನಿಗೇ ಇಪ್ಪತ್ತನೆಯದು. ಗೋಡೆಗೆ ಗೋಡೆ ತಾಗಿದ್ದರೂ ನಂಬರಿನಲ್ಲಿ ಊರಾಚೆ!

ಆದರೆ ಅವಳದ್ದು ಪೆದ್ದತನವಾಗಿರಲಿಲ್ಲ. ಚಾಳಿನವರು “ಹತ್ತೊಂಬತ್ತರಲ್ಲಿ ಕಂಬ ಕೊಳೆತಿದೆ” ಎಂದರೆ ಅವಳು ತಕ್ಷಣ ನಕ್ಷೆಯಲ್ಲಿ ಬೆರಳಿಡಬಲ್ಲವಳಾಗಿದ್ದಳು. ಮನುಷ್ಯರಿಗೆ ಅದಕ್ಕಿಂತ ಒಳ್ಳೆಯ ಕ್ರಮವಿಲ್ಲ.

“ಸರ್, ಖೋಲಿ ನಂಬರ್ ಬಿಟ್ರೆ ಸೈಟ್ ಮೇಲೆ ಮಾಲೂಮ್ ಹೇಗೆ ಆಗೋದು?” ಎಂದು ಅವಳು ಪಟ್ಟು ಹಿಡಿದಳು. ನ್ಯಾಯವಾದ ಪ್ರಶ್ನೆ. ಕೊನೆಗೆ ಅವಳೇ ದಾರಿ ಹುಡುಕಿದಳು. ಕಟ್ಟಡವನ್ನು ಬ್ರೆಡ್ಡಿನ ಹಾಗೆ ಅಡ್ಡಡ್ಡ ಹೋಳು ಮಾಡಿ, ಒಂದೊಂದು ಹೋಳಿನ ಮೂರು ಅಂತಸ್ತನ್ನೂ ಮುಗಿಸಿಕೊಂಡು ಮುಂದಿನ ಹೋಳಿಗೆ ಹೋಗುವಂತೆ ಹೊಸ ನಂಬರ್ ಹಾಕಿದಳು. ಹಳೆಯದಕ್ಕೆ ಹೊಸದು ಯಾವುದೆಂದು ಒಂದು ಉದ್ದ ಕೋಷ್ಟಕ ಬರೆದು ಗೋಡೆಗೆ ಅಂಟಿಸಿದಳು. ಎರಡು ದಿನ ಹಿಡಿಯಿತು.

ಮೂರನೇ ದಿನ ಬೆಳಿಗ್ಗೆ ಅದೇ ಹಳೆಯ ೩೮೬ನಲ್ಲಿ ಲೆಕ್ಕ ಶುರು ಮಾಡಿದೆವು. ಮೂವರೂ ಕೆಂಪು ದೀಪವನ್ನೇ ನೋಡುತ್ತ ಕೂತೆವು. ಅದು ಒಮ್ಮೆ ಮಿನುಗಿ ಆರಿತು, ಬಹಳ ಹೊತ್ತು ಆರಿಯೇ ಇತ್ತು. ಇಪ್ಪತ್ತೆರಡು ನಿಮಿಷಕ್ಕೆ ಉತ್ತರ ಪರದೆಯ ಮೇಲೆ ಬಂತು. ಶೋಭಾ ಚಪ್ಪಾಳೆ ತಟ್ಟಿದಳು. ಅಷ್ಟು ಖುಷಿ ನನಗೆ ಯಾವ ಹೊಸ ಯಂತ್ರ ಮಾರಿದಾಗಲೂ ಆಗಿರಲಿಲ್ಲ.

ಆ ವಾರ ಹಿರೇಮಠರು ಇನ್ನೂ ಹನ್ನೊಂದು ಯೋಜನೆಗಳನ್ನು ನೋಡಿದರು. ಒಂಬತ್ತನೆಯದು ಪಾಸಾಯಿತು. ಉಕ್ಕಿನ ಆಸರೆ ಕೊಟ್ಟರೆ ನಲವತ್ತೆಂಟು ಖೋಲಿಗಳು ಮಳೆಗಾಲ ದಾಟುತ್ತವೆ. ಉತ್ತರದ ತುದಿಯ ಹನ್ನೆರಡನ್ನು ಮಾತ್ರ ಉಳಿಸಲಾಗುವುದಿಲ್ಲ. ಉಳಿದ ಎರಡು ಯೋಜನೆಗಳನ್ನೂ ಅವರು ಆ ತುದಿಗಾಗಿಯೇ ಪ್ರಯತ್ನಿಸಿದ್ದರು. ಆಗಲಿಲ್ಲ. ಗಂಗವ್ವನ ಖೋಲಿ ಆ ಹನ್ನೆರಡರಲ್ಲಿತ್ತು.

ವಿಷಯ ಹೇಳಲು ಹಿರೇಮಠರು ತಾವೇ ಹೊರಟರು, ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಸಮಾಧಾನದ ಮಾತು ಜೋಡಿಸುತ್ತಿದ್ದೆ. ಗಂಗವ್ವ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿಸಿಕೊಂಡರು. ಖೋಲಿಯ ಸುತ್ತ ಒಮ್ಮೆ ಕಣ್ಣಾಡಿಸಿದರು. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡರು.

“ಹೋಗಬೇಕು ಅಂತ ಗೊತ್ತಾತಲ್ರಿ, ಸಾಕು. ಇನ್ನ ಇಪ್ಪತ್ತು ದಿನಾ ಅದಾವು, ಎಲ್ಲರ ಒಂದು ಖೋಲಿ ನೋಡ್ತೀನಿ. ಮಳಿ ಹಿಡದ ಮ್ಯಾಲ ಹೇಳಿದ್ರ ಒಲಿ ಹೊತ್ತಗೊಂಡು ಎಲ್ಲಿ ಓಡ್ಲಿ?”

ನನ್ನ ಸಮಾಧಾನದ ಮಾತುಗಳ ಅಗತ್ಯವೇ ಬೀಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಳ್ಳೆಯ ಸುದ್ದಿಯೇ ಆಗಿರಲಿಲ್ಲ, ಹೊತ್ತಿಗೆ ಸರಿಯಾಗಿ ಬರುವ ಒಂದು ಸುದ್ದಿ.

ಬೆಲೆಯ ಬಗ್ಗೆ ನಾನು ಹೇಳಿದ್ದು ನಿಜವೇ ಆಯಿತು. ದೀಪಾವಳಿಗೆ ೪೮೬ ಅಗ್ಗವಾಯಿತು, ಹಿರೇಮಠರು ಹಾಕಿಸಿದರು. ಆದರೂ ಏಪ್ರಿಲಿನಲ್ಲಿ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಅವರು ಕೇಳಿದ್ದು ಕಟ್ಟಡದ ಬಗ್ಗೆ, ನಾನು ಹೇಳಿದ್ದು ಚಿಪ್‌ನ ಬಗ್ಗೆ. ಆಮೇಲೆ ನಿವೃತ್ತನಾಗುವವರೆಗೂ, ಈಗ ಕೊಳ್ಳಲೋ ಕಾಯಲೋ ಎಂದು ಯಾರು ಕೇಳಿದರೂ ನಾನು ಮೊದಲು ಅವರ ಪಕ್ಕ ಕೂತು ಅವರ ಯಂತ್ರ ಕೆಲಸ ಮಾಡುವುದನ್ನು ನೋಡುತ್ತಿದ್ದೆ. ಆಮೇಲೆ, ಇದರ ಉತ್ತರಕ್ಕೆ ಕಾಯುತ್ತಿರುವವರು ಯಾರು ಎಂದು ಕೇಳುತ್ತಿದ್ದೆ.